ಗಂಟಿಗೊಂದು ಬೆರಳು

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಮಾಸ್ಟ್ರು. ಪಾಠ ಹೇಳುವ ಮಾಸ್ಟ್ರಲ್ಲ, ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಕೂರುವ ಮಾಸ್ಟ್ರು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಬೇರೆ ಯಾರಿಗೂ ಬೇಡವಾದ ಓರೆ ಜಾಗದಲ್ಲಿ ಅವರ ಅಂಗಡಿ. ಒಳಗೆ ನೆಟ್ಟಗೆ ನಿಂತರೆ ಮೆಟ್ಟಿಲಿನ ಹೊಟ್ಟೆ ನೆತ್ತಿಗೆ ಬಡಿಯುತ್ತಿತ್ತು; ಹಾಗಾಗಿ ಜೀವಮಾನವೆಲ್ಲ ಕೂತೇ ಕೆಲಸ ಮಾಡಿದರು. ಹೊಸ ಬಟ್ಟೆ ಹೊಲಿಸುವ ಕಾಲ ಮುಗಿದುಹೋಗಿತ್ತು. ಈಗ ಬರುತ್ತಿದ್ದುದೆಲ್ಲ ಉದ್ದದ ಪ್ಯಾಂಟಿನ ಅಂಚು ಮಡಚುವುದು, ಹಲ್ಲು ಬಿದ್ದ ಜಿಪ್ಪು ಬದಲಿಸುವುದು, ದಪ್ಪಗಾದವರ ಸೊಂಟ ಬಿಡಿಸುವುದು, ಸೊರಗಿದವರ ಸೊಂಟ ಹಿಡಿಯುವುದು.

"ನೀವು ತಿಂತಾ ಇರಿ, ನಾನು ಹೊಲಿಗೆ ಬಿಚ್ತಾ ಇರ್ತೀನಿ. ಇಬ್ಬರ ಹೊಟ್ಟೇನೂ ನಡೀಲಿ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದರು. ಹೆಂಡತಿ ತೀರಿಹೋದ ಮೇಲೂ ಅದೇ ಮಾತು ಹೇಳುತ್ತಿದ್ದರು. ನಗುವವರು ನಗುತ್ತಿದ್ದರು.

ಮನೆ ಅದೇ ಕಟ್ಟಡದ ಮೂರನೆಯ ಅಂತಸ್ತಿನಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ನಾಲ್ಕು ಅಂಗಿ ಒಣಗಲು ಹಾಕುವಷ್ಟು ಬಾಲ್ಕನಿ. ಸಂಜೆ ಅಂಗಡಿ ಮುಚ್ಚಿ ಮೆಟ್ಟಿಲು ಹತ್ತುವಾಗ ಯಾವ ಅಂತಸ್ತಿನಲ್ಲಿ ಯಾರು ಏನು ಹುರಿಯುತ್ತಿದ್ದಾರೆಂದು ಮೂಗಿಗೆ ಗೊತ್ತಾಗುತ್ತಿತ್ತು. ತಮ್ಮ ಬಾಗಿಲ ಹತ್ತಿರ ಬಂದಾಗ ಮಾತ್ರ ಯಾವ ವಾಸನೆಯೂ ಇರುತ್ತಿರಲಿಲ್ಲ. ಮೊದಲು ಹೀಗಿರಲಿಲ್ಲ.

ಅವರ ಹೆಂಡತಿ ರೈಲು ನಿಲ್ದಾಣದ ಹತ್ತಿರದ ಜಪಾನಿ ಹೋಟೆಲಿನಲ್ಲಿ ಕೆಲಸಕ್ಕಿದ್ದವಳು. ಪಾತ್ರೆ ತೊಳೆಯಲು ಸೇರಿದಾಕೆ, ಅಲ್ಲಿಯ ಮುದಿ ಬಾಣಸಿಗನ ಬೈಗುಳ ತಿಂದು ತಿಂದೇ ತರಕಾರಿ ಹೆಚ್ಚುವ ಮೇಜಿಗೂ ಅಲ್ಲಿಂದ ಒಲೆಯ ಪಕ್ಕಕ್ಕೂ ಬಂದಳು. ಕಲಿತದ್ದರಲ್ಲಿ ಒಂದನ್ನು ಮಾತ್ರ ಮನೆಗೆ ತಂದಳು: ದನದ ಮಾಂಸದ ಸುರುಳಿ. ಮಾಂಸವನ್ನು ತೆಳ್ಳಗೆ ಕೊಯ್ದು, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಬರುವ ಹಾಗೆ ಹಾಸಿ, ಬಿಸಿನೀರಿನಲ್ಲಿ ಒಮ್ಮೆ ಅದ್ದಿ ತೆಗೆದ ಈರುಳ್ಳಿ ಸೊಪ್ಪಿನ ದಂಟುಗಳನ್ನು ನಡುವೆ ಇಟ್ಟು, ಚಾಪೆ ಸುತ್ತಿದಂತೆ ಸುತ್ತಬೇಕು. ದಾರದಿಂದ ಕಟ್ಟಿ ಬಾಣಲೆಯಲ್ಲಿ ಹೊರಳಿಸುತ್ತ ಕೆಂಪಗೆ ಮಾಡಬೇಕು. ಕೊನೆಗೆ ಸೋಯಾ ಸಾಸು, ಸಕ್ಕರೆ, ಅಕ್ಕಿಯಿಂದ ತೆಗೆದ ಸಿಹಿ ಮದ್ಯ ಸುರಿದು, ಸುರುಳಿ ಮಿರಮಿರ ಮಿಂಚುವ ತನಕ ಕಾಯಿಸಬೇಕು. ಆಮೇಲೆ ದಾರ ಬಿಚ್ಚಿ, ತುಂಡು ಮಾಡಿ, ಕೊಯ್ದ ಮುಖ ಮೇಲಾಗಿ ತಟ್ಟೆಯಲ್ಲಿ ನಿಲ್ಲಿಸಿದರೆ ಒಂದೊಂದು ತುಂಡಿನ ನಡುವೆಯೂ ಒಂದೊಂದು ಹಸಿರು ಕಣ್ಣು.

ಇದರಲ್ಲಿ ಮಾಸ್ಟ್ರ ಪಾಲಿನ ಕೆಲಸ ಒಂದೇ, ದಾರ ಕಟ್ಟುವುದು. ಅಂಗಡಿಯ ದಾರವೇ ಆಗುತ್ತಿತ್ತು. ಪಕ್ಕಾ ಹೊಲಿಗೆ ಬೀಳುವ ತನಕ ಬಟ್ಟೆಯನ್ನು ಹಿಡಿದಿಟ್ಟುಕೊಳ್ಳಲು ಕಚ್ಚಾ ಹೊಲಿಗೆ ಹಾಕುತ್ತಾರಲ್ಲ, ಕೆಲಸ ಮುಗಿದೊಡನೆ ಎಳೆದು ಬಿಸಾಡುತ್ತಾರಲ್ಲ, ಆ ಬಿಳಿ ಹತ್ತಿಯ ನೂಲು. ರಜೆಯ ದಿನ ಆಕೆ ಸುರುಳಿ ಸುತ್ತಿಟ್ಟು "ಬನ್ರೀ" ಎನ್ನುತ್ತಿದ್ದಳು. ಅವರು ದಾರ ಸುತ್ತಿ ಗಂಟಿನ ಮೊದಲ ಸಿಕ್ಕು ಹಾಕಿದೊಡನೆ, ಅದು ಜಾರದ ಹಾಗೆ ಆಕೆ ಅದರ ಮೇಲೆ ತೋರುಬೆರಳು ಇಡುತ್ತಿದ್ದಳು.

"ಬೆರಳು ಇಟ್ಟಿದೀನಿ, ಕಟ್ರೀ."

ಅವರು ಎರಡನೆಯ ಸಿಕ್ಕು ಹಾಕಿ ಎಳೆಯುತ್ತಿದ್ದರು. ಗಂಟು ಬಿಗಿಯುವ ಹೊತ್ತಿಗೆ ಸರಿಯಾಗಿ ಬೆರಳು ಜಾರಿ ಹೊರಗೆ ಬರುತ್ತಿತ್ತು. ಒಂದು ದಿನವೂ ಆಕೆಯ ಬೆರಳು ಗಂಟಿನಲ್ಲಿ ಸಿಕ್ಕಿಕೊಂಡದ್ದಿಲ್ಲ. ಒಂದು ದಿನವೂ ಗಂಟು ಸಡಿಲವಾದದ್ದಿಲ್ಲ. ಅಷ್ಟಾದ ಮೇಲೆ ಮಾಸ್ಟ್ರು ಒಲೆಗೆ ಬೆನ್ನು ಹಾಕಿ ಪೇಪರು ಹಿಡಿಯುತ್ತಿದ್ದರು. ತಟ್ಟೆ ಎದುರಿಗೆ ಬರುವ ತನಕ ಹಿಂದೆ ಏನು ನಡೆಯುತ್ತದೆಂದು ಅವರು ಒಮ್ಮೆಯೂ ತಿರುಗಿ ನೋಡಿದವರಲ್ಲ.

ಆಕೆ ಹೋದದ್ದು ಕಳೆದ ಚಳಿಗಾಲದಲ್ಲಿ. ನೆಗಡಿ ಎಂದು ಮಲಗಿದವಳು ಏಳಲಿಲ್ಲ.

ಉಳಿದವಳು ಒಬ್ಬಳೇ ಮಗಳು. ಊರಿನ ಇನ್ನೊಂದು ತುದಿಯಲ್ಲಿ, ಬಸ್ಸು ಬದಲಿಸಿ ಹೋಗಬೇಕಾದಷ್ಟು ದೂರದಲ್ಲಿ, ಗಂಡ ಮತ್ತು ಚಿಕ್ಕ ಮಗುವಿನೊಂದಿಗೆ ಇದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಪ್ರತಿ ಭಾನುವಾರ ಸಂಜೆ ಫೋನು ಮಾಡುತ್ತಿದ್ದಳು. ಮಾತು ಪ್ರತಿ ಸಲವೂ ಒಂದೇ ದಾರಿಯಲ್ಲಿ, ಗಾಣದ ಎತ್ತಿನ ಹಾಗೆ ತಿರುಗುತ್ತಿತ್ತು.

"ಅಪ್ಪ, ಊಟ ಏನು?"

"ಬ್ರೆಡ್ಡು, ಮೊಟ್ಟೆ."

"ನಿನ್ನೆ?"

"ಮೊಟ್ಟೆ, ಬ್ರೆಡ್ಡು."

"ತಮಾಷೆ ಸಾಕು. ಇಲ್ಲಿಗೆ ಬಂದುಬಿಡು."

"ಬಂದ್ರೆ ನನ್ನ ಮೆಷಿನ್ ಎಲ್ಲಿಡ್ತೀಯ?"

"ಮಾರಿಬಿಡು."

"ನಿನ್ನನ್ನ ಬೇಕಾದ್ರೆ ಮಾರ್ತೀನಿ, ಅದನ್ನ ಮಾರಲ್ಲ."

ಅವಳು ಬೈಯುತ್ತಿದ್ದಳು, ಅವರು ಜಾರಿಕೊಳ್ಳುತ್ತಿದ್ದರು, ಅವಳು ಮತ್ತೆ ಹಿಡಿಯುತ್ತಿದ್ದಳು. ಹೀಗೆ ಎಳೆದಾಡುತ್ತ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಫೋನು ಇಟ್ಟ ಮೇಲೆ ಮಾಸ್ಟ್ರಿಗೆ ಕಿವಿ ಬೆಚ್ಚಗಿರುತ್ತಿತ್ತು.

ಆದರೆ ಒಂದು ಭಾನುವಾರ ಅವಳ ದನಿ ಬೇರೆಯಾಗಿತ್ತು. ಮನೆಯಲ್ಲಿ ಒಂದು ಕೋಣೆ ಖಾಲಿ ಮಾಡಿಸಿದ್ದಳು. ಮಂಚವೂ ಬಂದಿತ್ತು.

"ನಿನ್ನ ಅಳಿಯಂದ್ರೇ ಹೊತ್ತು ತಂದು ಹಾಕಿದಾರೆ. ಇನ್ನು ನೆಪ ಹೇಳ್ಬೇಡ. ಬ್ರೆಡ್ಡು ತಿಂದ್ಕೊಂಡು ಎಷ್ಟು ದಿನ ಬದುಕ್ತೀಯ?"

ಮಾಸ್ಟ್ರು ಮೆಟ್ಟಿಲ ಕೆಳಗಿನ ಅಂಗಡಿಯನ್ನು ನೆನೆದರು. ಅಂಗಡಿ ಹೋದರೆ ಬೆಳಗ್ಗೆ ಎದ್ದು ಎಲ್ಲಿಗೆ ಇಳಿಯುವುದು? ಅಳಿಯನ ಮನೆಯ ಸೋಫಾದ ಮೇಲೆ, ಗೋಡೆಗೆ ನೇತುಹಾಕಿದ ಕೋಟಿನ ಹಾಗೆ, ಯಾರಾದರೂ ತೊಡುವ ತನಕ ಕಾಯುವುದೇ?

"ನನಗೆ ಅಡುಗೆ ಬರುತ್ತೆ ಅಂತ ತೋರಿಸಿದ್ರೆ ಬಿಡ್ತೀಯಾ?" ಎಂದರು.

"ನಿನಗಾ?" ಮಗಳು ನಕ್ಕಳು. ಆಮೇಲೆ ಅಂದಳು, "ಸರಿ. ಅಮ್ಮನ ಸುರುಳಿ ಮಾಡು. ಮುಂದಿನ ಭಾನುವಾರ ಊಟಕ್ಕೆ ನಾನೊಬ್ಬಳೇ ಬರ್ತೀನಿ. ಮಾಡಿದ್ರೆ ಈ ಮಾತು ಇನ್ನು ಎತ್ತಲ್ಲ. ಆಗ್ಲಿಲ್ವಾ, ತಿಂಗಳ ಕೊನೆಗೆ ಗಂಟುಮೂಟೆ ಕಟ್ಟು."

"ಆಗಲಿ."

"ಮಾತು?"

"ಮಾತು."

ಮಗಳ ಮಾತೆಂದರೆ ಕಲ್ಲಿನ ಮೇಲೆ ಕೊರೆದದ್ದು. ಚಿಕ್ಕವಳಿದ್ದಾಗ ಯಾವುದೋ ಕೋಪಕ್ಕೆ, ಈ ಗೊಂಬೆಯನ್ನು ಇನ್ನು ಮುಟ್ಟುವುದಿಲ್ಲ ಎಂದು ಕಪಾಟಿನ ಮೇಲೆ ಇಟ್ಟವಳು ಮತ್ತೆ ಕೆಳಗಿಳಿಸಿರಲಿಲ್ಲ. ಮದುವೆಯಾಗಿ ಹೋದ ಮೇಲೂ ಆ ಗೊಂಬೆ ಅಲ್ಲೇ ಧೂಳು ಹಿಡಿದು ಕೂತಿತ್ತು.

ಮರುದಿನ ಮಾಸ್ಟ್ರು ಮಾಂಸದ ಅಂಗಡಿಗೆ ಹೋದರು. ಅಂಗಡಿಯವನು ಅವರನ್ನು ಕಂಡು ಕತ್ತಿ ಕೆಳಗಿಟ್ಟ.

"ಏನ್ ಮಾಸ್ಟ್ರೇ, ದಾರಿ ತಪ್ಪಿ ಬಂದ್ರಾ?"

"ಸುರುಳಿ ಮಾಡೋಕೆ ಮಾಂಸ ಬೇಕಿತ್ತು."

"ಎಷ್ಟು ದಪ್ಪಕ್ಕೆ ಕೊಯ್ಲಿ?"

ಮಾಸ್ಟ್ರಿಗೆ ತಿಳಿಯಲಿಲ್ಲ. ಹೆಬ್ಬೆರಳು ತೋರುಬೆರಳನ್ನು ಒಂದಕ್ಕೊಂದು ಉಜ್ಜಿ ನೆನಪಿಸಿಕೊಂಡು, "ಕೋಟಿನ ಬಟ್ಟೆಗಿಂತ ತೆಳು. ಅಂಗಿ ಬಟ್ಟೆಗಿಂತ ದಪ್ಪ" ಎಂದರು.

"ನೀವು ತಿನ್ನೋಕೆ ಒಯ್ತೀರೋ ಹೊಲಿಯೋಕೋ?" ಅವನು ಹೊಟ್ಟೆ ಕುಲುಕಿಸಿ ನಕ್ಕ. ನಕ್ಕು ಮುಗಿದ ಮೇಲೆ ದನಿ ತಗ್ಗಿಸಿದ. "ಅಕ್ಕ ಆದ್ರೆ ಹಿಂದಿನ ದಿನವೇ ಹೇಳೋರು. ಮಾಂಸ ಅರ್ಧ ಗಟ್ಟಿ ಆಗೋ ತನಕ ಫ್ರೀಜರ್‌ನಲ್ಲಿಟ್ಟು, ಆಮೇಲೆ ಎಳೆಗೆ ಅಡ್ಡ ಕೊಯ್ತಿದ್ದೆ. ಎಳೆಯ ಉದ್ದಕ್ಕೆ ಕೊಯ್ದ್ರೆ ಚಪ್ಪಲಿ ಅಗಿದ ಹಾಗೆ. ನಾಳೆ ಬನ್ನಿ, ಮಾಡಿಟ್ಟಿರ್ತೀನಿ. ಇಬ್ಬರಿಗೆ ತಾನೆ?"

ಬಾಯಿತಪ್ಪಿ ಬಂದ ಮಾತು. ಅವನೇ ಕಿವಿ ಕೆರೆದುಕೊಂಡ. ಮಾಸ್ಟ್ರು "ಹ್ಞೂಂ" ಎಂದಷ್ಟೇ ಹೇಳಿ ಬಂದರು. ದಾರಿಯುದ್ದಕ್ಕೂ ಅವರ ತಲೆಯಲ್ಲಿದ್ದದ್ದು ಆ ಎಳೆಯ ಮಾತು. ಉದ್ದ ಎಳೆ, ಅಡ್ಡ ಎಳೆ ಬಟ್ಟೆಗೂ ಇದೆ. ಅಡುಗೆಮನೆಯಲ್ಲಿ ತಮಗೂ ಅರ್ಥವಾಗುವ ಒಂದು ಮಾತಿದೆಯೆಂದು ಅವರಿಗೆ ಅಂದೇ ಗೊತ್ತಾದದ್ದು. ಅದನ್ನು ಹೇಳಿಕೊಳ್ಳಬೇಕೆನಿಸಿದಾಕೆ ಮಾತ್ರ ಇರಲಿಲ್ಲ.

ಮೊದಲ ಸಲ ಮಾಡಿದ್ದು ಮಂಗಳವಾರ ಸಂಜೆ. ಸುರುಳಿ ಸುತ್ತುವುದು ಕಷ್ಟವಾಗಲಿಲ್ಲ. ಕಾಲರು ಮಡಚಿದ ಕೈಗೆ ಅದೇನು ದೊಡ್ಡದು? ಆದರೆ ದಾರ ಸುತ್ತಿ ಮೊದಲ ಸಿಕ್ಕು ಹಾಕಿ ಎರಡನೆಯದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಸಡಿಲವಾಗುತ್ತಿತ್ತು. ಹಲ್ಲಿನಲ್ಲಿ ಕಚ್ಚಿ ನೋಡಿದರು, ಮಾಂಸ ಮೂಗಿಗೆ ತಾಗಿತು. ಇಸ್ತ್ರಿ ಪೆಟ್ಟಿಗೆ ತಂದು ದಾರದ ಮೇಲೆ ಹೇರಿದರು, ಸುರುಳಿ ಜಜ್ಜಿಹೋಯಿತು. ಕೆಳಗೆ ಅಂಗಡಿಗೆ ಒಯ್ದು ಮೆಷಿನ್ನಿನ ಪಾದದಡಿ ದಾರ ಒತ್ತಿ ಹಿಡಿದರೆ ಹೇಗೆ ಎಂದು ಒಂದು ಕ್ಷಣ ಯೋಚಿಸಿದರು. ಗಿರಾಕಿಗಳ ಪ್ಯಾಂಟು ನೆನಪಾಗಿ ಆ ಯೋಚನೆಗೆ ತಾವೇ ನಾಚಿದರು. ತನ್ನ ಕೆಲಸ ಎಂದು ಇಷ್ಟು ವರ್ಷ ಬೀಗಿದ ಒಂದೇ ಒಂದು ಕೆಲಸ ಕೂಡ ಅರ್ಧ ಮಾತ್ರ ತನ್ನದಾಗಿತ್ತು.

ಕಪಾಟಿನಲ್ಲಿ ಆಕೆ ತೆರೆದಿಟ್ಟಿದ್ದ ಸಿಹಿ ಮದ್ಯದ ಬಾಟಲಿ ಇತ್ತು, ತಳದಲ್ಲಿ ಒಂದಿಷ್ಟು. ಬಳಸುವುದೋ ಬೇಡವೋ ಎಂದು ಹಿಂದೆಮುಂದೆ ನೋಡಿ, ಕೊನೆಗೆ ಧೈರ್ಯ ಮಾಡಿ ಪೂರ್ತಿ ಸುರಿದರು. ಸಾಸು, ಸಕ್ಕರೆಯ ಜೊತೆ ಸುರಿದದ್ದು ಮೊದಲೇ, ಮಾಂಸ ಬಾಣಲೆಗೆ ಬಿದ್ದೊಡನೆ. ಸಕ್ಕರೆ ಕರಗಿ, ಕುದಿದು, ಕಪ್ಪಾಗಿ ತಳ ಹಿಡಿಯಿತು. ಸಡಿಲ ಗಂಟಿನ ಸುರುಳಿಗಳು ಗಾಳಿಗೆ ಮಗುಚಿದ ಛತ್ರಿಯಂತೆ ಬಿಚ್ಚಿಕೊಂಡವು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಮಾಸ್ಟ್ರಿಗೆ ಅಂದು ಕೈಯೂ ಕೆಸರು, ಬಾಯಿಯೂ ಕೆಸರು. ನಿಂತುಕೊಂಡೇ ತಿಂದು, ಬಾಣಲೆಯನ್ನು ನೆನೆಹಾಕಿದರು. ಖಾಲಿ ಬಾಟಲಿಯನ್ನು ಬಿಸಾಡಲು ಮನಸ್ಸಾಗದೆ, ತೊಳೆದು ಬೋರಲು ಹಾಕಿ, ಅದು ಇದ್ದ ಜಾಗದಲ್ಲೇ ಮತ್ತೆ ಇಟ್ಟರು.

ಗುರುವಾರ ಹೊಸ ಬಾಟಲಿ ತಂದರು. ಬೆರಳಿಗೆ ಒಂದು ಹನಿ ಹಾಕಿ ನೆಕ್ಕಿದರು. ಅದೇ ರುಚಿ. ಆಕೆಯ ಕೈರುಚಿ ಎಂದು ತಾವು ನಂಬಿದ್ದರಲ್ಲಿ ಅರ್ಧದಷ್ಟು ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತಿತ್ತು. ಇದು ಸಮಾಧಾನವೋ ಸಂಕಟವೋ ತಿಳಿಯದೆ ಮುಚ್ಚಳ ತಿರುಗಿಸಿದರು. ಆ ಸಲ ಸಾಸು ಕೊನೆಯಲ್ಲಿ ಹಾಕಿದರು, ಬಣ್ಣ ಬಂತು. ಗಂಟಿನ ಬದಲು ಹಲ್ಲುಕಡ್ಡಿ ಚುಚ್ಚಿದ್ದರು. ಕಡ್ಡಿ ಅಡ್ಡ ಬಂದು ಸುರುಳಿ ಹೊರಳಲೇ ಇಲ್ಲ; ಒಂದು ಕಡೆ ಸೀದು, ಇನ್ನೊಂದು ಕಡೆ ಹಸಿ ಉಳಿಯಿತು.

ದಾರಿ ಹೊಳೆದದ್ದು ಶನಿವಾರ, ಅಂಗಡಿಯಲ್ಲಿ. ಯಾರದೋ ಕೋಟಿನ ತೋಳಿಗೆ ಕಚ್ಚಾ ಹೊಲಿಗೆ ಹಾಕುತ್ತಿದ್ದ ಕೈ ನಡುವೆ ನಿಂತಿತು. ಕಟ್ಟಲು ಇಬ್ಬರು ಬೇಕು. ಹೊಲಿಯಲು ಒಬ್ಬ ಸಾಕು.

ಭಾನುವಾರ ಬೆಳಗ್ಗೆ ಹೊಸ ಸೂಜಿಯನ್ನು ಕುದಿಸಿ, ಕನ್ನಡಕ ಹಾಕಿಕೊಂಡು, ಅಡುಗೆಮನೆಯ ಮೇಜಿಗೆ ಕೂತರು. ತಟ್ಟೆಯಲ್ಲಿ ಸುತ್ತಿಟ್ಟ ಸುರುಳಿಗಳು. ಅಂಚನ್ನು ಒತ್ತಿ ಹಿಡಿದು ಉದ್ದಕ್ಕೂ ಕಚ್ಚಾ ಹೊಲಿಗೆ ಹಾಕಿದರು. ಸಾಲು ಎಷ್ಟು ನೇರ ಬಂತೆಂದರೆ ಅವರಿಗೇ ಸಣ್ಣಗೆ ನಗು ಬಂತು. ಕೊನೆಗೆ ಗಂಟು ಹಾಕಿ, ಬಾಲ ಕತ್ತರಿಸಿ, ಸೂಜಿಯ ತುದಿಯಿಂದ ಗಂಟನ್ನು ಮಡಿಕೆಯೊಳಗೆ ತಳ್ಳಿದರು. ತಳ್ಳಬೇಕೆಂದು ತಳ್ಳಿದ್ದಲ್ಲ, ಕೈಯ ಅಭ್ಯಾಸ. ಕೆಲಸ ಕಲಿಸಿದ ಗುರು, ಗಂಟು ಹೊರಗೆ ಕಂಡರೆ ಇಡೀ ಹೊಲಿಗೆಯನ್ನೇ ಬ್ಲೇಡಿನಿಂದ ಹರಿದು ಎದುರಿಗೆ ಎಸೆಯುತ್ತಿದ್ದ. "ಗಂಟು ಕಂಡ್ರೆ ದರ್ಜಿ ಸತ್ತ ಅಂತ ತಿಳ್ಕೊ" ಎನ್ನುತ್ತಿದ್ದ. ಅಂದಿನಿಂದ ಅವರು ಹೊಲಿಗೆಗೆ ಹಾಕಿದ ಒಂದು ಗಂಟನ್ನೂ ಯಾರೂ ಕಂಡವರಿಲ್ಲ.

ಸುರುಳಿ ಬಾಣಲೆಯಲ್ಲಿ ಎಷ್ಟು ಹೊರಳಿದರೂ ಬಿಚ್ಚಲಿಲ್ಲ. ಮಿಂಚು ಬಂತು. ಕೆಳಗಿಳಿಸಿ ಒಂದೊಂದೇ ದಾರ ಎಳೆದರು. ಬಿಗಿಯಾಗಿತ್ತು, ಜಗ್ಗಿದಾಗ ತುಂಡಾಗಿ ಬಂತು. ಎಲ್ಲ ತುಂಡೂ ಬಂತೋ ಇಲ್ಲವೋ ಎಂದು ನೋಡುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಮಗಳು ಒಳಗೆ ಬಂದವಳೇ ಹೊಸ್ತಿಲಲ್ಲಿ ನಿಂತು ಮೂಗೆಳೆದಳು. ಚಪ್ಪಲಿ ಬಿಟ್ಟು, ಕೈ ತೊಳೆದು, ಅಮ್ಮ ಕೂರುತ್ತಿದ್ದ ಕುರ್ಚಿಯನ್ನು ಬಿಟ್ಟು ತನ್ನ ಹಳೆಯ ಜಾಗದಲ್ಲಿ ಕೂತಳು. ಮಾಸ್ಟ್ರು ಅನ್ನ ಬಡಿಸಿದರು. ತುಂಡುಗಳನ್ನು ಕಣ್ಣು ಮೇಲಾಗಿ ನಿಲ್ಲಿಸಿದ ತಟ್ಟೆಯನ್ನು ನಡುವೆ ಇಟ್ಟರು.

ಮೊದಲ ತುಂಡನ್ನು ಅವಳು ಕಣ್ಣು ಮುಚ್ಚಿ ಅಗಿದಳು. "ಹೂಂ" ಎಂದಳು. ಎರಡನೆಯದಕ್ಕೆ ಅವಳ ದವಡೆ ನಿಂತಿತು. ಎರಡು ಬೆರಳು ಬಾಯಿಗೆ ಹಾಕಿ ಏನನ್ನೋ ಹಿಡಿದು ಎಳೆದಳು. ಬಿಳಿ ದಾರ, ಸಾಸು ಕುಡಿದು ಕಂದು ಬಣ್ಣವಾದದ್ದು, ಎಳೆದಷ್ಟೂ ಬಂತು. ಅದರ ತುದಿಯಲ್ಲಿ ಪುಟ್ಟ ಗಂಟು.

ಇಬ್ಬರೂ ಆ ದಾರವನ್ನೇ ನೋಡಿದರು.

"ಅಪ್ಪ, ಇದನ್ನ ಹೊಲಿದಿದೀಯಾ?"

"ಹ್ಞೂಂ."

"ಗಂಟು ಒಳಗೆ ಹಾಕಿದೀಯಾ?"

"ಅಭ್ಯಾಸ."

ಮಗಳಿಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಂಚು ಸರಿಯಾಗಿ ಮಡಚಿದೀಯಾ? ಗುಂಡಿ ಇಟ್ಟಿಲ್ವಾ? ಜಿಪ್ಪು ಹಾಕಿದ್ರೆ ಬಿಚ್ಚೋಕೆ ಸಲೀಸಾಗ್ತಿತ್ತು" ಎಂದಳು. ಮಾಸ್ಟ್ರೂ ನಕ್ಕರು. ಆ ಅಡುಗೆಮನೆಯಲ್ಲಿ ಹಾಗೆ ಇಬ್ಬರು ನಕ್ಕು ತುಂಬ ದಿನವಾಗಿತ್ತು.

"ಅಮ್ಮ ಕಟ್ತಿದ್ದಳಲ್ಲ?"

"ಕಟ್ತಿದ್ದದ್ದು ನಾನು. ಅವಳು ಬೆರಳು ಇಡ್ತಿದ್ದಳು. ಬೆರಳು ಇಡೋರಿಲ್ಲದೆ ಗಂಟು ನಿಲ್ಲಲ್ಲ."

ಮಗಳು ನಗುವುದನ್ನು ನಿಲ್ಲಿಸಿ, ಆ ದಾರವನ್ನು ಬೆರಳಿಗೆ ಸುತ್ತತೊಡಗಿದಳು. ಮಾಸ್ಟ್ರು ತಟ್ಟೆಯತ್ತ ನೋಡುತ್ತ, "ಹಾಗಾದ್ರೆ ನಾನು ಸೋತೆ ಅನ್ನು" ಎಂದರು. ತಮ್ಮ ದನಿ ಅಷ್ಟು ಹಗುರವಾಗಿ ಬಂದದ್ದು ಕೇಳಿ ಅವರಿಗೇ ಅಚ್ಚರಿಯಾಯಿತು. ಅವಳು ಹೂಂ ಎಂದರೆ ಸಾಕು, ಮಿಕ್ಕದ್ದನ್ನು ಗೊಣಗುತ್ತ ಒಪ್ಪಿಕೊಳ್ಳಬಹುದಿತ್ತು. ಮೆಷಿನ್ನಿಗೆ ಆ ಮಂಚದ ಪಕ್ಕ ಜಾಗ ಕೇಳಬಹುದಿತ್ತು.

"ಇಲ್ಲ ಅಪ್ಪ. ನೀನೇ ಗೆದ್ದೆ." ಅವಳು ತಲೆ ಎತ್ತಿದಳು. "ದಾರ ಒಂದು ಬಿಟ್ರೆ ಎಲ್ಲ ಅಮ್ಮನದೇ. ನೀನು ಒಂದು ಮೊಟ್ಟೆ ಕೂಡ ನೆಟ್ಟಗೆ ಬೇಯಿಸಲ್ಲ ಅಂದ್ಕೊಂಡಿದ್ದೆ. ನಂದೇ ತಪ್ಪು. ಮಾತು ಅಂದ್ರೆ ಮಾತು, ಇನ್ನು ಕೇಳಲ್ಲ."

ಊಟ ಮುಗಿಸಿ ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದಳು. "ರೀ, ಅಪ್ಪ ಬರಲ್ವಂತೆ. ಮಂಚ ತೆಗೆದುಬಿಡಿ. ಆ ಕೋಣೇಲಿ ಮಗೂದು ಆಟದ ಸಾಮಾನು ಇಡೋಣ." ಮಾಸ್ಟ್ರು ತಟ್ಟೆ ತೊಳೆಯುತ್ತ ಬೆನ್ನು ಹಾಕಿ ನಿಂತಿದ್ದರು. ಈ ಸಲ ಬೆನ್ನಿನ ಹಿಂದಿನದೆಲ್ಲ ಸ್ಪಷ್ಟವಾಗಿ ಕೇಳಿಸಿತು.

ಹೊರಡುವ ಮೊದಲು ಅವಳ ಕಣ್ಣಿಗೆ ಫ್ರಿಜ್ಜಿನಲ್ಲಿ ಹೊಲಿಯದೆ ಉಳಿದಿದ್ದ ಒಂದು ಹಸಿ ಸುರುಳಿ ಬಿತ್ತು. ಮಗುವಿಗೆ ಒಯ್ಯುತ್ತೇನೆ, ಕಟ್ಟಿಕೊಡು ಎಂದಳು.

"ಬೆರಳು ನಾನಿಡ್ತೀನಿ."

ಮಾಸ್ಟ್ರು ದಾರ ಸುತ್ತಿ ಮೊದಲ ಸಿಕ್ಕು ಹಾಕಿದರು. ಅವಳು ಬೆರಳು ಇಟ್ಟಳು. ಅದೇ ಉದ್ದನೆಯ ಬೆರಳು, ಅದೇ ಚೌಕ ಉಗುರು. ಅವರು ಎರಡನೆಯ ಸಿಕ್ಕು ಹಾಕಿ ಎಳೆದರು. ಬೆರಳು ಹೊರಗೆ ಬರಲಿಲ್ಲ, ದಾರದಡಿ ಸಿಕ್ಕಿಕೊಂಡಿತು.

"ಅಯ್ಯೋ, ಯಾವಾಗ ತೆಗೀಬೇಕು?"

ಯಾವಾಗ ಎಂದು ಅವರು ಯಾವತ್ತೂ ಹೇಳಿದ್ದಿಲ್ಲ, ಅವಳ ಅಮ್ಮ ಯಾವತ್ತೂ ಕೇಳಿದ್ದಿಲ್ಲ. ಕತ್ತರಿ ತಂದು ದಾರವನ್ನು ಕತ್ತರಿಸಿ ಬೆರಳು ಬಿಡಿಸಿದರು. ಮತ್ತೊಮ್ಮೆ ಕಟ್ಟಿದಾಗ ಅವಳು ಹೆದರಿ ಬೇಗ ತೆಗೆದಳು, ಗಂಟು ಸಡಿಲವಾಯಿತು. "ಇರಲಿ ಬಿಡು, ಮನೇಲಿ ಹಲ್ಲುಕಡ್ಡಿ ಚುಚ್ತೀನಿ" ಎಂದು ಡಬ್ಬಿಗೆ ಹಾಕಿಕೊಂಡು ಹೋದಳು. ಮೆಟ್ಟಿಲು ಇಳಿಯುವ ಅವಳ ಹೆಜ್ಜೆಯ ಸದ್ದನ್ನು ಅವರು ಬಾಗಿಲಲ್ಲಿ ನಿಂತು ಬೀದಿಯ ತನಕ ಕೇಳಿದರು.

ಮುಂದಿನ ಭಾನುವಾರ ಸಂಜೆ ಫೋನು ಬಂತು. ಮೇಜಿನ ಮೇಲೆ ಆಗತಾನೇ ತಂದ ಮಾಂಸ, ಈರುಳ್ಳಿ ಸೊಪ್ಪು, ಸೂಜಿ ಎಲ್ಲ ಇದ್ದವು.

"ಅಪ್ಪ, ಊಟಕ್ಕೆ ಏನು?"

ಮಾಸ್ಟ್ರು ಮೇಜನ್ನು ನೋಡಿದರು. "ಬ್ರೆಡ್ಡು, ಮೊಟ್ಟೆ" ಎಂದರು.

ಅವಳ ‘ನಿನ್ನೆ?’ ಬರಲೆಂದು ಕಾದರು. ಆ ಕಡೆಯಿಂದ ಯಾವುದೋ ಆಟದ ಗಾಡಿಯನ್ನು ನೆಲದ ಮೇಲೆ ಎಳೆಯುವ ಗರಗರ ಸದ್ದು ಬರುತ್ತಿತ್ತು.

"ನಿನ್ನೆ ಮೊಟ್ಟೆ, ಬ್ರೆಡ್ಡು" ಎಂದು ತಾವಾಗಿಯೇ ಸೇರಿಸಿದರು.

ಮಗಳು ನಕ್ಕಳು. ಏನನ್ನೋ ಹೇಳಲು ಬಾಯಿ ತೆರೆದದ್ದು ಉಸಿರಿನಲ್ಲಿ ಕೇಳಿಸಿತು. ಆಮೇಲೆ, "ಸರಿ ಅಪ್ಪ. ಹುಷಾರು" ಎಂದಳು. ಮಾತಿಗೆ ತಪ್ಪುವವಳಲ್ಲ ಅವಳು.

ಮಾಸ್ಟ್ರು ಫೋನನ್ನು ಇಟ್ಟು ಕುರ್ಚಿ ಎಳೆದುಕೊಂಡರು. ಒಬ್ಬರಿಗಾಗುವಷ್ಟು ಒಂದೇ ಸುರುಳಿ ಸುತ್ತಿ, ಸೂಜಿಗೆ ದಾರ ಪೋಣಿಸಿ, ಹೊಲಿಯುತ್ತ ಹೋದರು. ಸಾಲು ಮುಗಿದು, ಗಂಟು ಹಾಕಿ, ಅದನ್ನು ಒಳಗೆ ತಳ್ಳಲು ಹೋದ ಸೂಜಿ ನಿಂತಿತು. ಈ ಸಲ ಗಂಟನ್ನು ಹೊರಗೇ ಬಿಟ್ಟರು. ಬಾಲವನ್ನೂ ಗಿಡ್ಡ ಮಾಡಲಿಲ್ಲ, ಯಾರು ಬೇಕಾದರೂ ಹಿಡಿದು ಎಳೆಯುವಷ್ಟು ಉದ್ದ ಬಿಟ್ಟು ಕತ್ತರಿಸಿದರು. ಆಮೇಲೆ ಎದ್ದು ಒಲೆ ಹಚ್ಚಿದರು.